ಪಾಳೆಯಗಾರನೆಂಬ ಉಪಮಾನ: ಸ್ಟೈರಿಯದ ವಾಲ್ಟರ್ ಫ್ರಿಮರನ ಜೀವನವನ್ನು ಕುರಿತು ಒಂದು ವಿಮರ್ಶೆ

ಯಾವುದಾದರೊಂದು ಸೀಮೆಯಲ್ಲಿ ಬೇರೂರಿ, ಅಲ್ಲಿಯ ಜನಬಲ ಧನಬಲಗಳನ್ನು ಕೈವಶಮಾಡಿಕೊಂಡು, ರಾಜಧಾನಿಯವರ ಮಾತನ್ನು ಲಕ್ಷ್ಯಕ್ಕೆ ತಾರದೆ ನಡೆಯುವ ರಾಜಕಾರಣಿಯನ್ನು 'ಪಾಳೆಯಗಾರ'ನೆಂದು ಕರೆಯುವುದು ಕನ್ನಡದಲ್ಲಿ ರೂಢಿಯಾಗಿಬಿಟ್ಟಿದೆ. ಮಾತು ಚಿಕ್ಕದು, ಚೊಕ್ಕದು. ಕೇಳಿದೊಡನೆ ಕಣ್ಣಮುಂದೆ ಒಂದು ಆಕೃತಿಯನ್ನು ನಿಲ್ಲಿಸುವಂಥದು. ಆದುದರಿಂದ ಎರಡು ಮಹಾಯುದ್ಧಗಳ ನಡುವೆ ಯೂರೋಪಿನಲ್ಲಿ ತಲೆಯೆತ್ತಿದ ಫ್ಯಾಸಿಸ್ಟ್ ಪ್ರಾಂತನಾಯಕರನ್ನು ಕನ್ನಡ ವಾಚಕರಿಗೆ ಪರಿಚಯಪಡಿಸಬೇಕಾದಾಗಲೂ ಲೇಖಕನ ಕೈ ಇದೇ ಮಾತಿನ ಕಡೆಗೆ ಚಾಚುವುದು ಸ್ವಾಭಾವಿಕ. ಈ ಉಪಮಾನವು ಎಷ್ಟರಮಟ್ಟಿಗೆ ಸಲ್ಲುತ್ತದೆ, ಸಲ್ಲದ ಕಡೆಯಲ್ಲಿ ಅದು ಏನನ್ನು ಮರೆಮಾಡುತ್ತದೆ ಎಂಬುದೇ ಪ್ರಕೃತ ವಿಚಾರ. ಅದಕ್ಕೆ ಆಸ್ಟ್ರಿಯ ದೇಶದ ಸ್ಟೈರಿಯ ಪ್ರಾಂತದಲ್ಲಿ ಮುಂದಾಳಾಗಿದ್ದ ವಾಲ್ಟರ್ ಫ್ರಿಮರ್ (1881–1968) ಎಂಬಾತನ ಜೀವನವನ್ನು ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ. ಆತನು ಜಗತ್ಪ್ರಸಿದ್ಧನಲ್ಲ, ಹಿಟ್ಲರ್ ಮುಸೊಲಿನಿಗಳ ಹೆಸರಿನ ನೆರಳಿನಲ್ಲಿ ಆತನ ಹೆಸರು ಕಾಣಿಸುವುದೇ ಇಲ್ಲ. ಈ ವಿಚಾರಕ್ಕೆ ಆತನು ತಕ್ಕವನಾದದ್ದೂ ಅದರಿಂದಲೇ. ದೊಡ್ಡ ಸರ್ವಾಧಿಕಾರಿಯ ಚರಿತ್ರೆಯಲ್ಲಿ ವ್ಯಕ್ತಿಯ ಗಾತ್ರವೇ ಉಳಿದುದನ್ನೆಲ್ಲ ಮುಚ್ಚಿಬಿಡುತ್ತದೆ. ಚಿಕ್ಕ ಮುಂದಾಳಿನ ಚರಿತ್ರೆಯಲ್ಲಿ ಆತನನ್ನು ಎತ್ತಿ ನಿಲ್ಲಿಸಿದ ಕೈಗಳು ಎದ್ದು ತೋರುತ್ತವೆ.

ಪಾಳೆಯಗಾರನೆಂಬ ಮಾತಿಗೆ ಈಗಿರುವ ಧ್ವನಿಯು ಎಲ್ಲಿಂದ ಬಂದಿತೆಂಬುದನ್ನು ಮೊದಲು ನೋಡಬೇಕು. ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರಿನಲ್ಲಿ ಬೆಂಗಳೂರು ಹುಬ್ಬಳ್ಳಿಗಳ ರೈಲುದಾರಿಯಿಂದ ಕವಲೊಂದು ಒಡೆದು ಚಿತ್ರದುರ್ಗದ ಕಡೆಗೆ ಹೋಗುತ್ತದೆ. ಆ ಕವಲುದಾರಿಯ ಸುತ್ತಣ ಸೀಮೆಯಲ್ಲಿ ಪಾಳೆಯಗಾರನು ಬರಿಯ ನಿಘಂಟಿನ ಶಬ್ದವಾಗಿ ಉಳಿದಿಲ್ಲ; ಕೆರೆಯ ಏರಿ, ಗುಡಿಯ ಕಂಬ, ಬೆಟ್ಟದ ಮೇಲಣ ಬತೇರಿ ಇವೆಲ್ಲ ಆತನ ಹೆಸರನ್ನು ಹೇಳುತ್ತವೆ. ವಿಜಯನಗರದ ಆಶ್ರಯದಲ್ಲಿ ತಿಮ್ಮಣ್ಣನಾಯಕನಿಂದ ಮೊದಲಾದ ದುರ್ಗದ ನಾಯಕರ ವಂಶವು, 1779ರಲ್ಲಿ ಹೈದರಾಲಿಯು ಕೋಟೆಯನ್ನು ಹಿಡಿದು ಕಡೆಯ ಮದಕರಿನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಒಯ್ಯುವವರೆಗೆ, ಸುಮಾರು ಎರಡು ನೂರು ವರ್ಷ ಆ ಸೀಮೆಯನ್ನು ಆಳಿತು. ಆ ಆಳಿಕೆಯಲ್ಲಿ ಕ್ರೌರ್ಯವಿರಲಿಲ್ಲವೆಂದು ಯಾರೂ ಹೇಳರು. ಆದರೆ ಜನರ ನೆನಪಿನಲ್ಲಿ ನಿಂತದ್ದು ಕೋಟೆಯ ಕಿಂಡಿಯಲ್ಲಿ ಒನಕೆ ಹಿಡಿದು ನಿಂತ ಓಬವ್ವ, ಸೋತು ಸೆರೆಯಾದ ಮದಕರಿ. ತ. ರಾ. ಸುಬ್ಬರಾಯರ 'ದುರ್ಗಾಸ್ತಮಾನ'ವು 1982ರಲ್ಲಿ ಹೊರಬಂದು, ಲೇಖಕರು ತೀರಿಕೊಂಡ ಮೇಲೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನವನ್ನು ಪಡೆದಾಗ, ಈ ನೆನಪಿಗೆ ಗದ್ಯಕಾವ್ಯದ ಮುದ್ರೆಯೂ ಬಿದ್ದಂತಾಯಿತು. ಹೀಗೆ ಪಾಳೆಯಗಾರನೆಂಬ ಮಾತು ಭಯವನ್ನು ಮಾತ್ರವೇ ಅಲ್ಲದೆ ಅಭಿಮಾನವನ್ನೂ ಕರುಣೆಯನ್ನೂ ಹೊತ್ತು ಬರುತ್ತದೆ.

ಉಪಮಾನವು ಉಪಮೇಯಕ್ಕಿಂತ ಅಧಿಕಗುಣವುಳ್ಳದ್ದಾಗಿರಬೇಕೆಂಬುದು ಆಲಂಕಾರಿಕರ ಸಾಮಾನ್ಯ ನಿಯಮ. ಮುಖವನ್ನು ಚಂದ್ರನಿಗೆ ಹೋಲಿಸಿದರೆ ಮುಖಕ್ಕೆ ಕಾಂತಿ ಬರುತ್ತದೆ. ಚಂದ್ರನ ಕಲಂಕವನ್ನು ಆಗ ಯಾರೂ ಎಣಿಸುವುದಿಲ್ಲ. ಹಾಗೆಯೇ ಒಬ್ಬ ರಾಜಕಾರಣಿಯನ್ನು ಪಾಳೆಯಗಾರನೆಂದು ನಿಂದಿಸಿದವನು, ತಾನರಿಯದೆಯೇ ಆತನ ತಲೆಗೆ ದುರ್ಗದ ಪೇಟವನ್ನು ಸುತ್ತಿರುತ್ತಾನೆ. ನಿಂದೆಯು ಸ್ತುತಿಯಾಗಿ ಪರಿಣಮಿಸುವ ಈ ವ್ಯಾಜವು ಕಾವ್ಯದಲ್ಲಾದರೆ ಚಮತ್ಕಾರ, ಚರಿತ್ರೆಯಲ್ಲಿ ದೋಷ.

ಇನ್ನು ಫ್ರಿಮರನ ಜೀವನ. ಆತನು ಹುಟ್ಟಿದ್ದು 1881ರಲ್ಲಿ, ದ್ರಾವಾ ನದಿಯ ದಡದ ಮಾರ್ಬುರ್ಗ್ ಪಟ್ಟಣದಲ್ಲಿ. ಅದು ಆಗ ಹಾಪ್ಸ್‌ಬುರ್ಗ್ ಚಕ್ರವರ್ತಿಗಳ ಸ್ಟೈರಿಯ ಪ್ರಾಂತದ ದಕ್ಷಿಣಭಾಗ. ಪಟ್ಟಣದಲ್ಲಿ ಜರ್ಮನ್ ಭಾಷೆಯವರು ಹೆಚ್ಚು, ಸುತ್ತಣ ಹಳ್ಳಿಗಳಲ್ಲಿ ಸ್ಲೊವೀನ್ ಭಾಷೆಯವರು ಹೆಚ್ಚು. ಮೊದಲನೆಯ ಮಹಾಯುದ್ಧದಲ್ಲಿ ಸಾಮ್ರಾಜ್ಯವು ಒಡೆದುಹೋಗಿ, 1919ರ ಸಾಂ ಜೆರ್ಮ್ಯಾಂ ಸಂಧಿಯಲ್ಲಿ ಆ ಪಟ್ಟಣವು ಮುಂದೆ ಯುಗೊಸ್ಲಾವಿಯವೆಂದು ಹೆಸರಾದ ರಾಜ್ಯಕ್ಕೆ ಸೇರಿಹೋಯಿತು; ಅದರ ಈಗಿನ ಹೆಸರು ಮಾರಿಬೋರ್. ಫ್ರಿಮರನು ವಕೀಲಿಯನ್ನು ನಡೆಸುತ್ತಿದ್ದದ್ದು ಗಡಿಯಿಂದ ಈಚೆಗೆ, ಮೇಲಣ ಸ್ಟೈರಿಯದ ಯೂಡೆನ್‌ಬುರ್ಗ್ ಎಂಬ ಊರಿನಲ್ಲಿ. ಉಕ್ಕಿನ ಕೆಲಸಗಾರರೂ ಬೆಟ್ಟದ ರೈತರೂ ಎದುರುಬದುರಾಗಿ ನಿಂತಿದ್ದ ಸೀಮೆ ಅದು.

ಹುಟ್ಟಿದ ಊರು ಪರರಾಜ್ಯವಾದವನ ನೋವು ಕನ್ನಡಿಗರಿಗೆ ಅಪರಿಚಿತವಾದುದಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗ ಆ ಸೀಮೆಯ ಕನ್ನಡಿಗರು ಅನುಭವಿಸಿದ್ದು ಇಂಥದೇ ಸಂಕಟ. ಕಯ್ಯಾರ ಕಿಞ್ಞಣ್ಣ ರೈಗಳು ತಮ್ಮ ದೀರ್ಘಾಯುಷ್ಯದ ಬಹುಭಾಗವನ್ನು ಆ ಸಂಕಟಕ್ಕೆ ಮಾತುಕೊಡುವುದರಲ್ಲಿ ಕಳೆದರು. ಆದುದರಿಂದ ಫ್ರಿಮರನ ಚರಿತ್ರೆಯನ್ನು ಬರೆಯುವವನು ಕಳೆದುಹೋದ ಊರಿನಿಂದ ಮೊದಲುಮಾಡಿದರೆ ಕನ್ನಡ ವಾಚಕನ ಮನಸ್ಸು ಒಡನೆಯೇ ಕರಗುತ್ತದೆ. ಇಲ್ಲಿ ಎಚ್ಚರ ಬೇಕು. ಅನೇಕ ಜೀವನಚರಿತ್ರೆಗಳಲ್ಲಿ ಬಾಲ್ಯದ ಗಾಯವನ್ನು ಮೊದಲ ಅಧ್ಯಾಯದಲ್ಲಿಟ್ಟು, ಮುಂದಿನ ಅಧ್ಯಾಯಗಳ ಅಪರಾಧಗಳನ್ನೆಲ್ಲ ಅದರ ಖಾತೆಗೆ ಬರೆಯುವ ಪದ್ಧತಿಯುಂಟು. ಗಡಿಯನ್ನು ಕಳೆದುಕೊಂಡವರು ಸಾವಿರಾರು ಮಂದಿ. ಅವರೆಲ್ಲರೂ ದಂಡು ಕಟ್ಟಲಿಲ್ಲ.

ದಂಡಿನ ಹೆಸರು ಹೈಮ್‌ವೇರ್, ಎಂದರೆ ತಾಯ್ನಾಡಿನ ಕಾವಲು. ಯುದ್ಧ ಮುಗಿದ ಗೊಂದಲದಲ್ಲಿ ಹಳ್ಳಿಗಳನ್ನೂ ಗಡಿಯನ್ನೂ ಕಾಯುವುದಕ್ಕೆಂದು ಹುಟ್ಟಿದ ಗುಂಪುಗಳು, ಗಡಿಯ ಜಗಳವು ತೀರಿದ ಮೇಲೆಯೂ ಆಯುಧವನ್ನು ಕೆಳಗಿಡದೆ, ಸೋಷಲ್ ಡೆಮೊಕ್ರಾಟ್ ಪಕ್ಷದ ಕೆಲಸಗಾರರ ಮೇಲೆ ತಿರುಗಿದವು. ಸ್ಟೈರಿಯದ ಶಾಖೆಗೆ ಫ್ರಿಮರನು ನಾಯಕ. ಉಳಿದ ಪ್ರಾಂತಗಳ ಶಾಖೆಗಳಿಗಿಂತ ಇದು ಹೆಚ್ಚು ಉಗ್ರವಾದದ್ದು. ಆಸ್ಟ್ರಿಯವು ಜರ್ಮನಿಯೊಡನೆ ಒಂದಾಗಬೇಕೆಂಬುದೂ ಯೆಹೂದ್ಯರ ದ್ವೇಷವೂ ಇದರ ಮೂಲಮಂತ್ರಗಳು. ಇದರ ದಂಡಾಡಳಿತವನ್ನು ನೋಡಿಕೊಳ್ಳುತ್ತಿದ್ದವನು ಹಾನ್ಸ್ ಆಲ್ಬಿನ್ ರೌಟರ್. ಈ ಹೆಸರನ್ನು ವಾಚಕರು ನೆನಪಿನಲ್ಲಿಡತಕ್ಕದ್ದು.

ಫ್ರಿಮರನ ಬಲದ ಬೇರು ಎಲ್ಲಿತ್ತು? ಪಾಳೆಯಗಾರನಾದರೆ ತನ್ನ ಆಳಿಗೆ ಉಂಬಳಿಯನ್ನು ಕೊಟ್ಟು, ಮೇಲಣ ಪ್ರಭುವಿಗೆ ಕಪ್ಪವನ್ನು ಕೊಟ್ಟು, ಆ ಎರಡರ ನಡುವೆ ತನ್ನ ನೆಲದ ಮೇಲೆ ನಿಲ್ಲುತ್ತಾನೆ. ಮಳೆ ಹೋದರೆ ಆತನ ಬೊಕ್ಕಸವೂ ಹೋಗುತ್ತದೆ. ಕೆರೆಯನ್ನು ಕಟ್ಟಿಸುವುದು ಆತನಿಗೆ ಪುಣ್ಯವೂ ಹೌದು, ಲಾಭವೂ ಹೌದು. ಫ್ರಿಮರನಿಗೆ ಅಂಥ ನೆಲವಿರಲಿಲ್ಲ. ಸ್ಟೈರಿಯದ ಕಬ್ಬಿಣದ ಬೆಟ್ಟವನ್ನೂ ಡೊನಾವಿಟ್ಸಿನ ಉಕ್ಕಿನ ಕಾರ್ಖಾನೆಯನ್ನೂ ಹಿಡಿದಿದ್ದ ಆಲ್ಪೈನ್ ಮೊಂಟಾನ್ ಎಂಬ ಭಾರಿ ಕಂಪೆನಿಯು ಆತನ ದಂಡಿಗೆ ಪೋಷಕವಾಗಿ ನಿಂತಿತು. ಕಂಪೆನಿಗೆ ಬೇಕಾದದ್ದು ಮುಷ್ಕರವನ್ನು ಮುರಿಯುವ ಕೈ. 1928ರಲ್ಲಿ ಹೈಮ್‌ವೇರಿನ ನೆರಳಿನಲ್ಲಿ 'ಸ್ವತಂತ್ರ' ಕಾರ್ಮಿಕಸಂಘವೊಂದು ಏರ್ಪಟ್ಟಿತು. ಅದನ್ನು ಸೇರುವುದೂ ಕೆಲಸವನ್ನು ಉಳಿಸಿಕೊಳ್ಳುವುದೂ ಕೂಲಿಯವನಿಗೆ ಬರಬರುತ್ತ ಒಂದೇ ಆಯಿತು. ಆ ವರ್ಷದಿಂದ ಇಟಲಿಯ ಮುಸೊಲಿನಿಯ ಹಣವೂ ಆಸ್ಟ್ರಿಯದ ಹೈಮ್‌ವೇರಿಗೆ ಹರಿದುಬರತೊಡಗಿತು. ಸೀಮೆಯ ಮಗನೆಂದು ಮೆರೆದವನ ಬೊಕ್ಕಸದ ಬೀಗದಕೈ ಸೀಮೆಯ ಆಚೆಗೆ ಇತ್ತೆಂಬುದು, ಆತನನ್ನು ಪಾಳೆಯಗಾರನೆಂದು ಕರೆದೊಡನೆ ಮರೆಯಾಗುವ ಮೊದಲನೆಯ ಸಂಗತಿ.

1927ರ ಜುಲೈ ತಿಂಗಳಿನಲ್ಲಿ ಆತನಿಗೆ ಒಳ್ಳೆಯ ಕಾಲ ಬಂದಿತು. ಆ ವರ್ಷದ ಮೊದಲಲ್ಲಿ ಶಾಟೆನ್‌ಡಾರ್ಫ್ ಎಂಬ ಊರಿನಲ್ಲಿ ಬಲಪಂಥದವರ ಗುಂಡಿಗೆ ಯುದ್ಧದಲ್ಲಿ ಅಂಗಹೀನನಾಗಿದ್ದ ಒಬ್ಬನೂ ಒಂದು ಮಗುವೂ ಸತ್ತಿದ್ದರು. ಗುಂಡುಹಾರಿಸಿದವರನ್ನು ಜ್ಯೂರಿಯವರು ನಿರ್ದೋಷಿಗಳೆಂದು ಬಿಟ್ಟುಬಿಟ್ಟರು. ಮರುದಿನ, ಜುಲೈ 15ರಂದು, ವಿಯೆನ್ನದ ಜನರು ಕೆರಳಿ ನ್ಯಾಯಮಂದಿರಕ್ಕೆ ಬೆಂಕಿಯಿಟ್ಟರು. ಪೊಲೀಸರ ಗುಂಡಿಗೆ ಸಿಕ್ಕವರನ್ನು ಸೇರಿಸಿ ಸತ್ತವರು 89 ಮಂದಿ. ಸೋಷಲ್ ಡೆಮೊಕ್ರಾಟರು ರೈಲು ಸಂಚಾರದ ಮುಷ್ಕರವನ್ನು ಹೂಡಿದರು. ಇಂಥ ಮುಷ್ಕರದ ಜೀವವು ಕವಲುನಿಲ್ದಾಣಗಳಲ್ಲಿರುತ್ತದೆ. ಚಿಕ್ಕಜಾಜೂರಿನಲ್ಲಿ ಗಾಡಿ ನಿಂತರೆ ದುರ್ಗದ ಕಡೆಗೆ ಹೋಗಬೇಕಾದವನು ಪ್ಲಾಟ್‌ಫಾರಮ್ಮಿನಲ್ಲಿಯೇ ಕುಳಿತಿರಬೇಕು. ಹಾಗೆ ಸ್ಟೈರಿಯದಲ್ಲಿ ಮೂರ್ ನದಿಯ ಬ್ರುಕ್ ಎಂಬ ಪಟ್ಟಣವು ವಿಯೆನ್ನ, ಗ್ರಾಟ್ಸ್, ಲೆಯೋಬೆನ್ ದಾರಿಗಳ ಕೂಡುಬಾಯಿ. ಆ ಪಟ್ಟಣದಲ್ಲಿ ಕೆಲಸಗಾರರ ಮುಂದಾಳು ಕೊಲೊಮಾನ್ ವಾಲಿಷ್ ಎಂಬವನು. ಫ್ರಿಮರನು ತನ್ನ ದಂಡನ್ನು ಕೂಡಿಸಿ ಬೆದರಿಕೆಯನ್ನೊಡ್ಡಿದನು. ಪ್ರಾಂತಗಳಲ್ಲಿ ಮುಷ್ಕರವು ಬೇಗನೆ ಮುರಿದುಬಿದ್ದಿತು. ಅಂದಿನಿಂದ ಹೈಮ್‌ವೇರು ದೇಶದ ರಾಜಕೀಯದಲ್ಲಿ ಲೆಕ್ಕಕ್ಕೆ ಬರುವ ಶಕ್ತಿಯಾಯಿತು.

1930ರ ಮೇ 18ರಂದು ಕೊರ್‌ನೊಯ್‌ಬುರ್ಗಿನಲ್ಲಿ ಕೂಡಿದ ಹೈಮ್‌ವೇರಿನವರು ಪಾಶ್ಚಾತ್ಯ ಮಾದರಿಯ ಪಾರ್ಲಿಮೆಂಟನ್ನು ತಿರಸ್ಕರಿಸುವುದಾಗಿಯೂ ರಾಜ್ಯವನ್ನು ಕೈಗೆ ತೆಗೆದುಕೊಳ್ಳುವುದಾಗಿಯೂ ಪ್ರತಿಜ್ಞೆಮಾಡಿದರು. ಅದೇ ವರ್ಷ ನವೆಂಬರಿನ ಚುನಾವಣೆಯಲ್ಲಿ, ತಿರಸ್ಕರಿಸಿದ ಪಾರ್ಲಿಮೆಂಟಿಗೇ ನಿಂತು, 165 ಸ್ಥಾನಗಳಲ್ಲಿ 8ನ್ನು ಪಡೆದರು. ಈ ಎಂಟನ್ನು ಮುಂದಿನ ಘಟನೆಯ ಪಕ್ಕದಲ್ಲಿಟ್ಟು ನೋಡಬೇಕು. 1931ರ ಬೇಸಗೆಯ ಹೊತ್ತಿಗೆ ಕ್ರೆಡಿಟ್‌ಆನ್‌ಸ್ಟಾಲ್ಟ್ ಬ್ಯಾಂಕು ಮುಳುಗಿ ದೇಶವು ಕಂಗಾಲಾಗಿತ್ತು. ಹೈಮ್‌ವೇರಿನ ಅಖಿಲದೇಶದ ನಾಯಕತ್ವವು ಫ್ರಿಮರನ ಕೈಗೆ ಬಂದಿತ್ತು. ಸೆಪ್ಟೆಂಬರ್ 12ರ ರಾತ್ರಿ ಆತನು ಸುಮಾರು 14,000 ಮಂದಿಯನ್ನು ಆಯುಧದೊಡನೆ ಎಬ್ಬಿಸಿದನು. ಬೆಳಗಾಗುವಷ್ಟರಲ್ಲಿ ಮೇಲಣ ಸ್ಟೈರಿಯದ ಹಲವು ಊರುಗಳಲ್ಲಿ ಕಚೇರಿಗಳು ಅವರ ವಶವಾಗಿದ್ದವು; ಗೋಡೆಗಳ ಮೇಲೆ ಪ್ರಕಟನಪತ್ರಗಳು ಅಂಟಿದ್ದವು. ಕಷ್ಟದಲ್ಲಿರುವ ಪ್ರಜೆಗಳೇ ತನ್ನನ್ನು ತಮ್ಮ ಹಕ್ಕುಗಳ ರಕ್ಷಕನನ್ನಾಗಿ ಕರೆದಿದ್ದಾರೆಂದು ಅವುಗಳಲ್ಲಿ ಫ್ರಿಮರನು ಹೇಳಿಕೊಂಡಿದ್ದನು. ಹತ್ತು ತಿಂಗಳ ಹಿಂದೆ ಎಂಟೇ ಸ್ಥಾನಗಳನ್ನು ಕೊಟ್ಟಿದ್ದ ಪ್ರಜೆಗಳು ಇವರು.

ಉಳಿದ ಪ್ರಾಂತಗಳು ಏಳಲಿಲ್ಲ. ವಿಯೆನ್ನದ ಸರ್ಕಾರವು ಸೈನ್ಯವನ್ನು ಕಳುಹಿಸಿತು, ಆದರೆ ಮೆಲ್ಲನೆ. ಪ್ರಾಂತದ ಮುಖ್ಯಾಧಿಕಾರಿಯಾಗಿದ್ದ ಆಂಟೋನ್ ರಿಂಟೆಲೆನನಿಗೆ ದಂಗೆಯವರಲ್ಲಿದ್ದ ಒಲವು ಗುಟ್ಟಾಗಿರಲಿಲ್ಲ. ಕಾಪ್‌ಫೆನ್‌ಬೆರ್ಗಿನಲ್ಲಿ ಇಬ್ಬರು ಕೆಲಸಗಾರರು ಗುಂಡಿಗೆ ಬಲಿಯಾದರು. ಒಂದು ಹಗಲು ಮುಗಿಯುವುದರೊಳಗಾಗಿ ದಂಗೆಯೂ ಮುಗಿಯಿತು. ರಾಜ್ಯನಾಯಕನು ಗಡಿಯನ್ನು ದಾಟಿ ಯುಗೊಸ್ಲಾವಿಯಕ್ಕೆ ಓಡಿಹೋದನು. ಎಂದರೆ, ತನ್ನ ಹುಟ್ಟೂರನ್ನು ಕಸಿದುಕೊಂಡಿತೆಂದು ತಾನು ದೂರುತ್ತಿದ್ದ ರಾಜ್ಯದ ಆಶ್ರಯಕ್ಕೆ. ಕೆಲಕಾಲದ ಮೇಲೆ ಮರಳಿ ಬಂದು, 1931ರ ಡಿಸೆಂಬರಿನಲ್ಲಿ ಗ್ರಾಟ್ಸ್ ನಗರದಲ್ಲಿ ರಾಜದ್ರೋಹದ ವಿಚಾರಣೆಗೆ ನಿಂತನು. ಜ್ಯೂರಿಯವರು ಆತನನ್ನೂ ಸಂಗಡಿಗರನ್ನೂ ಬಿಡುಗಡೆಮಾಡಿದರು. ನಾಲ್ಕು ವರ್ಷಗಳ ಹಿಂದೆ ಇನ್ನೊಂದು ಜ್ಯೂರಿಯ ಬಿಡುಗಡೆಯಿಂದ ವಿಯೆನ್ನವು ಹೊತ್ತಿಕೊಂಡಿತ್ತು. ಈ ಸಾರಿ ಯಾವ ಕಟ್ಟಡವೂ ಉರಿಯಲಿಲ್ಲ. ಜೀವನಚರಿತ್ರೆಯನ್ನು ಬರೆಯುವವನು ಫ್ರಿಮರನ ಮುಖವನ್ನು ಬಿಟ್ಟು ಆ ಹನ್ನೆರಡು ಮಂದಿ ಜ್ಯೂರಿಯವರ ಮುಖವನ್ನು ನೋಡಬೇಕಾದ ಸ್ಥಳ ಇದು. ಶಸ್ತ್ರದಿಂದ ರಾಜ್ಯವನ್ನು ಕೀಳಹೊರಟವನಲ್ಲಿ ಊರಿನ ಗೃಹಸ್ಥರಿಗೆ ಅಪರಾಧವೇ ಕಾಣಿಸಲಿಲ್ಲವೆಂಬುದು ಆತನ ಯಾವ ಭಾಷಣಕ್ಕಿಂತಲೂ ಹೆಚ್ಚಿನ ಸಂಗತಿಯನ್ನು ಹೇಳುತ್ತದೆ.

ದುರ್ಗದ ಚರಿತ್ರೆಯಿಂದಲೇ ಉಪಮಾನವನ್ನು ತರಬೇಕೆಂದರೆ ಪಾಳೆಯಗಾರನಿಗಿಂತ ದಳವಾಯಿಯು ಹತ್ತಿರದವನು. ಹದಿನೇಳನೆಯ ಶತಮಾನದ ಕಡೆಯಲ್ಲಿ ದಳವಾಯಿ ಮುದ್ದಣ್ಣನು ನಾಯಕರನ್ನು ಪಟ್ಟಕ್ಕೇರಿಸುವ ಇಳಿಸುವ ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಂಡ ಕಥೆಯನ್ನು ತ. ರಾ. ಸು. ಅವರು 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಎಂಬ ಮೂರು ಕಾದಂಬರಿಗಳಲ್ಲಿ ವಿಸ್ತರಿಸಿದ್ದಾರೆ. ಒಡೆಯನ ರಕ್ಷಣೆಗೆಂದು ಕೊಟ್ಟ ಕತ್ತಿಯನ್ನು ಒಡೆಯನ ಮೇಲೆಯೇ ತಿರುಗಿಸುವುದು ಮುದ್ದಣ್ಣನಲ್ಲಿಯೂ ಉಂಟು, ಫ್ರಿಮರನಲ್ಲಿಯೂ ಉಂಟು. ಆದರೆ ಈ ಹೋಲಿಕೆಯೂ ಅರ್ಧದಾರಿಗೆ ನಿಲ್ಲುತ್ತದೆ. ದಳವಾಯಿಯು ಪಟ್ಟಕ್ಕೆ ಅರಸುಮನೆಯ ರಕ್ತವನ್ನೇ ಹುಡುಕುತ್ತಾನೆ. ಪ್ರಜೆಗಳೇ ತನ್ನನ್ನು ಕರೆದರೆಂದು ಹೇಳುವ ಅವಶ್ಯಕತೆಯು ಆತನಿಗಿಲ್ಲ. ಮತದ ಎಣಿಕೆಯಿರುವ ರಾಜ್ಯದಲ್ಲಿ, ಆ ಎಣಿಕೆಯಲ್ಲಿ ಸೋತವನು, ಎಣಿಕೆಯನ್ನೇ ನಿಲ್ಲಿಸಿ, ಪ್ರಜೆಗಳ ಹೆಸರಿನಲ್ಲಿ ತಾನೇ ಮಾತನಾಡುವುದು ಬೇರೆ ಜಾತಿಯ ಅಪಹಾರ. ಅದಕ್ಕೆ ಕನ್ನಡದ ಹಳೆಯ ಮಾತುಗಳಲ್ಲಿ ಹೆಸರಿಲ್ಲ. ಹೆಸರಿಲ್ಲದ ಕಡೆಯಲ್ಲಿ 'ಫ್ಯಾಸಿಸ್ಟ್' ಎಂಬ ಪರಭಾಷೆಯ ಮಾತನ್ನೇ ಇಟ್ಟುಕೊಳ್ಳುವುದು, ಕಿವಿಗೆ ಒರಟಾದರೂ, ಲೇಸು.

ಇನ್ನೊಂದು ಪ್ರಲೋಭನೆಯು ಕನ್ನಡ ಸಾಹಿತ್ಯದ ದೊಡ್ಡ ಗುಣದಿಂದಲೇ ಹುಟ್ಟುತ್ತದೆ. ರನ್ನನು ದುರ್ಯೋಧನನನ್ನು, ನಾಗಚಂದ್ರನು ರಾವಣನನ್ನು ಚಿತ್ರಿಸಿದ ರೀತಿಯನ್ನು ಪಾಠಹೇಳಿದ ಉಪಾಧ್ಯಾಯನಿಗೆ ಸೋತ ಪ್ರತಿನಾಯಕನಲ್ಲಿ ಘನತೆಯನ್ನು ಕಾಣುವುದು ಅಭ್ಯಾಸವಾಗಿರುತ್ತದೆ. ಬಿ. ಎಂ. ಶ್ರೀಕಂಠಯ್ಯನವರು ಗದಾಯುದ್ಧವನ್ನು ನಾಟಕವಾಗಿ ಮಾಡಿದ ಕಾಲದಿಂದ 'ದುರಂತನಾಯಕ'ನೆಂಬ ಕಲ್ಪನೆಯು ಕನ್ನಡ ವಿಮರ್ಶೆಯಲ್ಲಿ ಬೇರೂರಿದೆ. ಆ ಕಲ್ಪನೆಯನ್ನು ಫ್ರಿಮರನಂಥವರಿಗೆ ಹೊದಿಸಬಹುದೇ? ದುರ್ಯೋಧನನ ಘನತೆಯು ಆತನ ಸೋಲಿನಿಂದ ಬಂದದ್ದಲ್ಲ. ತಮ್ಮಂದಿರ, ಮಿತ್ರರ ಹೆಣಗಳ ನಡುವೆ ನಡೆದು ಆತನು ಪಡುವ ಶೋಕದಿಂದ ಬಂದದ್ದು. ನಾಗಚಂದ್ರನ ರಾವಣನು ಸೀತೆಯ ಪಾತಿವ್ರತ್ಯವನ್ನು ಕಂಡು ತನ್ನೊಳಗೇ ತಿರುಗಿಬೀಳುತ್ತಾನೆ. ತನ್ನ ಕೃತ್ಯದ ಭಾರವನ್ನು ತಾನೇ ಹೊರುವ ಕ್ಷಣವೊಂದು ಇಲ್ಲದೆ ದುರಂತವಿಲ್ಲ. ಫ್ರಿಮರನ ಜೀವನದಲ್ಲಿ ಭಾರವನ್ನು ಹೊತ್ತವರು ಕಾಪ್‌ಫೆನ್‌ಬೆರ್ಗಿನ ಇಬ್ಬರು. ಕವಿಗಳ ಔದಾರ್ಯವನ್ನು ಇಂಥ ಕಡೆ ಸಾಲವಾಗಿ ತರುವ ಜೀವನಚರಿತ್ರಕಾರನು ರನ್ನನಿಗೂ ಅನ್ಯಾಯಮಾಡುತ್ತಾನೆ, ಆ ಇಬ್ಬರಿಗೂ.

ಕಾನೂನನ್ನು ಮುರಿದವರೆಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕೇ ಎಂಬ ಪ್ರಶ್ನೆಯು ಇಲ್ಲಿ ಏಳಬಹುದು. ಚಿತ್ರದುರ್ಗದಲ್ಲಿಯೂ ಅದೇ ದಶಕದಲ್ಲಿ ಒಬ್ಬ ವಕೀಲರು ರಾಜಕೀಯಕ್ಕೆ ಇಳಿದಿದ್ದರು. ಸಿದ್ದವನಹಳ್ಳಿ ನಿಜಲಿಂಗಪ್ಪನವರ ಮನಸ್ಸಿನಲ್ಲಿಯೂ ಹರಿದುಹಂಚಿಹೋದ ನಾಡಿನ ಕೊರಗಿತ್ತು. ಅವರೂ ಸರ್ಕಾರದ ಕಟ್ಟಳೆಯನ್ನು ಮುರಿದರು. 1939ರಲ್ಲಿ, ತುರುವನೂರಿನ ಅರಣ್ಯ ಸತ್ಯಾಗ್ರಹದ ಕಾಲದಲ್ಲಿ, ಸೆರೆಮನೆಗೆ ಹೋದರು. ಬಹಿರಂಗವಾಗಿ ಮುರಿದು ಶಿಕ್ಷೆಯನ್ನು ಕೈಯೊಡ್ಡಿ ಪಡೆದವರಿಗೂ, ರಾತ್ರಿಯಲ್ಲಿ ಬಂದೂಕು ಹಂಚಿ ಬೆಳಗಾದ ಮೇಲೆ ಗಡಿ ದಾಟಿದವನಿಗೂ ಇರುವ ಅಂತರವನ್ನು, 'ಇಬ್ಬರೂ ಪ್ರಾಂತಾಭಿಮಾನಿಗಳಾದ ವಕೀಲರು' ಎಂಬ ವರ್ಗೀಕರಣವು ಅಳಿಸಿಹಾಕುತ್ತದೆ. ನಿಜಲಿಂಗಪ್ಪನವರ ರಾಜಕೀಯದಲ್ಲಿ ದೋಷವನ್ನು ಹೇಳುವವರು ಹೇಳಲಿ. 1956ರಲ್ಲಿ ಕನ್ನಡ ನಾಡು ಒಂದಾದಾಗ ಅವರು ಮುಖ್ಯಮಂತ್ರಿಗಳಾದದ್ದು ಶಾಸಕರ ಎಣಿಕೆಯಿಂದ. ಫ್ರಿಮರನು ಸಹಿಸದಿದ್ದದ್ದು ಆ ಎಣಿಕೆಯನ್ನೇ.

ಜರ್ಮನ್ ಸಾಹಿತ್ಯವು ಈ ಪ್ರಾಂತದ ಕಥೆಯಲ್ಲಿ ಯಾರನ್ನು ಆರಿಸಿಕೊಂಡಿತೆಂಬುದು ಗಮನಿಸತಕ್ಕ ವಿಷಯ. 1934ರ ಫೆಬ್ರವರಿಯಲ್ಲಿ ಡೊಲ್‌ಫುಸ್ ಸರ್ಕಾರದ ಮೇಲೆ ಕೆಲಸಗಾರರು ಎದ್ದಾಗ ಬ್ರುಕ್ ಪಟ್ಟಣದಲ್ಲಿ ಅವರ ಮುಂದೆ ನಿಂತವನು ವಾಲಿಷ್. ಸೋತು, ಹಿಮದ ಬೆಟ್ಟಗಳಲ್ಲಿ ಅಲೆದು, ಸಿಕ್ಕಿಬಿದ್ದನು. ಆತನಿಗೆ ದೊರೆತದ್ದು ಜ್ಯೂರಿಯಿಲ್ಲದ ತುರ್ತು ನ್ಯಾಯಸ್ಥಾನ. ಫೆಬ್ರವರಿ 19ರಂದು ಲೆಯೋಬೆನ್ನಿನಲ್ಲಿ ಆತನನ್ನು ಗಲ್ಲಿಗೆ ಹಾಕಿದರು. ಅದೇ ವರ್ಷ ಆನಾ ಸೇಗರ್ಸ್ ಎಂಬ ಲೇಖಕಿಯು ಆತನ ಕಡೆಯ ಪಯಣವನ್ನು ಕುರಿತು ಕಥನವೊಂದನ್ನು ಬರೆದಳು. ಮರುವರ್ಷ ಆ ಫೆಬ್ರವರಿಯನ್ನೇ ವಸ್ತುವಾಗುಳ್ಳ ಕಾದಂಬರಿಯನ್ನು ಪ್ರಕಟಿಸಿದಳು. ಬ್ರೆಷ್ಟ್ ಕವಿಯು ವಾಲಿಷನನ್ನು ಕುರಿತು ಗೇಯಪ್ರಬಂಧವೊಂದಕ್ಕೆ ಕೈಹಾಕಿದನು. ಇವೆಲ್ಲ ಪಕ್ಷಪಾತದ ಬರೆಹಗಳೆಂಬುದು ನಿಜ. ವಾಲಿಷನ ದುಡುಕನ್ನು ಇವುಗಳಲ್ಲಿ ಹುಡುಕುವುದು ವ್ಯರ್ಥ. ಆದರೂ ವೀರಗಲ್ಲಿನ ನಾಡಿನಿಂದ ನೋಡುವವನಿಗೆ ಈ ಆಯ್ಕೆಯು ವಿಚಿತ್ರವಾಗಿ ತೋರದು. ಬಿದ್ದವನಿಗೆ ಕಲ್ಲು ನಿಲ್ಲಿಸುವುದು ಇಲ್ಲಿಯ ಪದ್ಧತಿಯೂ ಹೌದು. ಇದರಿಂದ ಆದ ತೊಂದರೆಯೆಂದರೆ, ಬೀಳದೆ ಉಳಿದವನು ಸಾಹಿತ್ಯದ ಕಣ್ಣಿನಿಂದ ತಪ್ಪಿಸಿಕೊಂಡನು. ಫ್ರಿಮರನನ್ನು ಹಿಡಿದಿರುವುದು ಚರಿತ್ರಕಾರರ ಕಡತಗಳು ಮಾತ್ರ. ಒಂದೇ ಪ್ರಾಂತದಲ್ಲಿ ಮೂರು ವರ್ಷಗಳ ಅಂತರದಲ್ಲಿ ಎರಡು ದಂಗೆಗಳಿಗೆ ಎರಡು ಬಗೆಯ ನ್ಯಾಯವು ದೊರೆತ ಸಂಗತಿಯನ್ನು ಎರಡು ಜೀವನಗಳನ್ನೂ ಒಟ್ಟಿಗೆ ಇಟ್ಟು ಓದಿದವನು ಮಾತ್ರ ಕಾಣಬಲ್ಲನು. ಒಬ್ಬೊಬ್ಬರ ಜೀವನವನ್ನು ಬೇರೆಬೇರೆಯಾಗಿ ಬರೆಯುವ ಪದ್ಧತಿಗೆ ಈ ಸಂಗತಿಯು ಸಿಕ್ಕುವುದಿಲ್ಲ.

ಮುಂದಿನ ಕಥೆ ಚಿಕ್ಕದು. ಸ್ಟೈರಿಯದ ದಂಡು 1933ರಲ್ಲಿ ಹಿಟ್ಲರನ ಪಕ್ಷದೊಡನೆ ಕೈಜೋಡಿಸಿತು. 1934ರ ಜುಲೈಯಲ್ಲಿ ಡೊಲ್‌ಫುಸನನ್ನು ಕೊಂದ ನಾಟ್ಸಿಗಳು ಆತನ ಸ್ಥಾನಕ್ಕೆ ಗೊತ್ತುಮಾಡಿಕೊಂಡಿದ್ದದ್ದು, 1931ರಲ್ಲಿ ಸೈನ್ಯವು ಮೆಲ್ಲನೆ ಬಂದಾಗ ಪ್ರಾಂತವನ್ನಾಳುತ್ತಿದ್ದ ಅದೇ ರಿಂಟೆಲೆನನನ್ನು. ದಂಡಾಡಳಿತವನ್ನು ನೋಡುತ್ತಿದ್ದ ರೌಟರನು ಮುಂದೆ ಹಾಲೆಂಡಿನಲ್ಲಿ ಎಸ್.ಎಸ್. ಮತ್ತು ಪೊಲೀಸ್ ಪಡೆಗಳ ಮುಖ್ಯಸ್ಥನಾದನು. ಆತನ ಕಾಲದಲ್ಲಿ ಆ ದೇಶದಿಂದ ಒಂದು ಲಕ್ಷಕ್ಕೂ ಹೆಚ್ಚು ಯೆಹೂದ್ಯರನ್ನು ಸಾವಿನ ಶಿಬಿರಗಳಿಗೆ ಸಾಗಿಸಲಾಯಿತು. 1949ರಲ್ಲಿ ಡಚ್ಚರು ಆತನಿಗೆ ಮರಣದಂಡನೆಯನ್ನು ವಿಧಿಸಿ ಗುಂಡಿಕ್ಕಿದರು. ಯೂಡೆನ್‌ಬುರ್ಗಿನ ಸುತ್ತ ಕೆಲಸಗಾರರನ್ನು ಹೆದರಿಸುವುದರಲ್ಲಿ ಕಲಿತ ವಿದ್ಯೆಯು ಎಲ್ಲಿಯವರೆಗೆ ಹೋಯಿತೆಂಬುದಕ್ಕೆ ಇದಕ್ಕಿಂತ ಬೇರೆ ಟಿಪ್ಪಣಿ ಬೇಡ. ಫ್ರಿಮರನು ಮಾತ್ರ, ಪಾರ್ಲಿಮೆಂಟನ್ನು ಹಳಿದವನು, 1938ರಿಂದ 1945ರವರೆಗೆ ಬ‌ರ್ಲಿನ್ನಿನ ರೈಖ್‌ಸ್ಟಾಗಿನಲ್ಲಿ ಸದಸ್ಯನಾಗಿ ಕುಳಿತಿದ್ದನು. ಅಲ್ಲಿ ಎಣಿಸಬೇಕಾದ ಮತಗಳೇ ಇರಲಿಲ್ಲ. ಆತನು ತೀರಿಕೊಂಡದ್ದು 1968ರಲ್ಲಿ, 86ನೆಯ ವಯಸ್ಸಿನಲ್ಲಿ, ತಾನು ವಕೀಲಿಯನ್ನು ನಡೆಸಿದ ಯೂಡೆನ್‌ಬುರ್ಗಿನಲ್ಲಿಯೇ.